ಎಂಟು ತಿಂಗಳಿಂದ ತೆರೆಯದ ಫೈಲು

ಮೇಡಂ, ನಾನು ಸಿಂಧನೂರಿನವಳು, ವಯಸ್ಸು 34. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನವೂ ಮಸ್ಕಿ ಮೇಲೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಿಎಚ್‌.ಡಿ.ಗೆ ನೋಂದಣಿ ಮಾಡಿಸಿ ಐದು ವರ್ಷ ದಾಟಿತು. ಕಾಲುವೆ ನೀರು ಬಂದ ಮೇಲೆ ಭತ್ತ ನಾಟಿಗೆ ಹೋಗುವ ಹೆಣ್ಣುಮಕ್ಕಳ ಬದುಕು ಏನಾಯಿತು ಎಂಬುದು ನನ್ನ ವಿಷಯ. ಮೂರು ಅಧ್ಯಾಯ ಬರೆದಿದ್ದೇನೆ, ಎರಡು ಬಾಕಿ. ನಲವತ್ತಕ್ಕೂ ಹೆಚ್ಚು ಹೆಂಗಸರ ಮಾತು ಮೊಬೈಲಿನಲ್ಲಿದೆ. ಮಗ ಹುಟ್ಟಿದ ಮೇಲೆ ಕೆಲಸ ನಿಧಾನವಾಯಿತು. ಈಗ ಎಂಟು ತಿಂಗಳಿಂದ ಫೈಲನ್ನೇ ತೆರೆದಿಲ್ಲ. ಗೈಡ್ ಸರ್ ಹೆಸರು ಫೋನಿನಲ್ಲಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಎತ್ತುವುದಿಲ್ಲ. ಮದುವೆ ಮುಂಜಿಗೆ ಹೋದರೆ ‘ಯಾವಾಗ ಮುಗೀತದವ್ವಾ ನಿನ್ನ ಪಿಎಚ್‌ಡಿ?’ ಅನ್ನುತ್ತಾರೆ, ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದೇನೆ. ನನ್ನ ಜೊತೆ ಸೇರಿದ ಇಬ್ಬರ ವೈವಾ ಮುಗಿಯಿತು. ನನಗೆ ಅಷ್ಟು ಬುದ್ಧಿ ಇಲ್ಲ, ಸೀಟು ತಪ್ಪಿ ಸಿಕ್ಕಿತು ಅನ್ನಿಸುತ್ತದೆ. ದುಡ್ಡು ಕೊಟ್ಟರೆ ಬರೆದುಕೊಡುವವರಿದ್ದಾರೆ ಎಂದು ಗೆಳತಿ ಹೇಳುತ್ತಾಳೆ. ಆ ಹೆಂಗಸರು ನನ್ನ ನಂಬಿ ಮಾತಾಡಿದರು, ಅವರಿಗೆ ಮೋಸ ಮಾಡಿದೆ ಅನ್ನಿಸುತ್ತದೆ. ಕೆಲವು ದಿನ ಬೆಳಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ. ಏನು ಮಾಡಲಿ?
— ಹೆಸರು ಬೇಡ, ಸಿಂಧನೂರು

ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ. ‘ಬೆಳಗ್ಗೆ ಏಳುವುದೇ ಬೇಡ’ ಎಂಬ ಮಾತನ್ನು ದಣಿದವರೂ ಹೇಳುತ್ತಾರೆ, ಬದುಕೇ ಬೇಡವೆನಿಸಿದವರೂ ಹೇಳುತ್ತಾರೆ. ನಿಮ್ಮದು ಯಾವುದೆಂದು ಪತ್ರದಿಂದ ನನಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ಸಾಯಬೇಕೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ಮನೆಯಲ್ಲಿ ನಿಮಗೆ ತೀರಾ ಹತ್ತಿರದವರೊಬ್ಬರನ್ನು ಕರೆದು ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಪಿಎಚ್‌.ಡಿ. ಮಾತು ಆಮೇಲೆ ಆಗಲಿ. ಅದು ಕಾಯುತ್ತದೆ.

ದಣಿವಿನ ಮಾತೇ ಆಗಿದ್ದರೆ ಬನ್ನಿ, ಕೂತು ಮಾತಾಡೋಣ.

ಅಚ್ಚಿಗೆ ಚಿಕ್ಕದು ಮಾಡುವ ಮೊದಲು ನಿಮ್ಮ ಪತ್ರದಲ್ಲಿದ್ದ ದಿನಚರಿಯನ್ನು ನಾನು ಒಂದು ಹಾಳೆಯ ಮೇಲೆ ಹಾಕಿ ನೋಡಿದೆ. ಮುಂಜಾನೆಯ ಅಡುಗೆ, ಮಗನ ಡಬ್ಬಿ, ಬಸ್ಸು, ಪಾಠ, ಮತ್ತೆ ಬಸ್ಸು, ರಾತ್ರಿಯ ಅಡುಗೆ. ಜೊತೆಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ. ನೆಟ್, ಕೆ-ಸೆಟ್, ಪಿಎಚ್‌.ಡಿ. ಇದ್ದವರಿಗೊಂದು ಲೆಕ್ಕ, ಇಲ್ಲದವರಿಗೊಂದು ಲೆಕ್ಕ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಪ್ರಬಂಧ ಬರೀ ಓದಾಗಿ ಉಳಿದಿಲ್ಲ, ಮನೆಯ ಅನ್ನದ ಪ್ರಶ್ನೆಯೂ ಆಗಿದೆ. ಇಷ್ಟು ಭಾರ ಹೊತ್ತ ಕೆಲಸದ ಮುಂದೆ ಕೂರಲು ಯಾರಿಗಾದರೂ ಕೈಕಾಲು ನಡುಗುತ್ತದೆ. ನಿಮಗೆ ಹೀಗಾಗಿರುವುದರಲ್ಲಿ ಆಶ್ಚರ್ಯವೇನೂ ನನಗೆ ಕಾಣುವುದಿಲ್ಲ.

ನೀವು ನಿಮ್ಮನ್ನು ಬುದ್ಧಿಯಿಲ್ಲದವಳು, ಸೋಮಾರಿ ಎಂದೆಲ್ಲ ಕರೆದುಕೊಂಡಿದ್ದೀರಿ. ಸೋಮಾರಿಗೆ ಗೈಡ್ ಹೆಸರು ಕಂಡರೆ ಎದೆ ಹೊಡೆದುಕೊಳ್ಳುವುದಿಲ್ಲ, ಅವನು ಆರಾಮಾಗಿ ನಿದ್ದೆ ಮಾಡುತ್ತಾನೆ. ನಿಮ್ಮನ್ನು ಹಿಡಿದಿರುವುದು ನಾಚಿಕೆ. ಒಂದು ವಾರ ಬರೆಯಲಾಗಲಿಲ್ಲ, ನಾಚಿಕೆಯಾಯಿತು. ನಾಚಿಕೆ ತಡೆಯಲಾಗದೆ ಫೈಲು ಮುಚ್ಚಿದಿರಿ, ಆ ಗಳಿಗೆಗೆ ಮನಸ್ಸು ಹಗುರಾಯಿತು. ಮರುವಾರ ನಾಚಿಕೆ ಎರಡು ಪಟ್ಟಾಗಿ ಬಂತು. ಕೆಲಸ ಮುಂದೂಡುವುದರ ಬಗ್ಗೆ ಅಧ್ಯಯನ ಮಾಡಿದ ಟಿಮೊತಿ ಪಿಚಿಲ್, ಫುಷಿಯಾ ಸಿರೋಯಿಸ್ ಎಂಬ ಮನೋವಿಜ್ಞಾನಿಗಳು ಹೇಳುವುದೂ ಇದನ್ನೇ. ನಾವು ತಪ್ಪಿಸಿಕೊಳ್ಳುವುದು ಕೆಲಸದಿಂದ ಎನ್ನುವುದಕ್ಕಿಂತ, ಆ ಕೆಲಸ ನೆನೆದಾಗ ಹೊಟ್ಟೆಯಲ್ಲಿ ಏಳುವ ಸಂಕಟದಿಂದ. ಟೈಂಟೇಬಲ್ ಎಷ್ಟು ಚೆನ್ನಾಗಿ ಹಾಕಿದರೂ ನಿಮಗೆ ಉಪಯೋಗವಾಗದೆ ಹೋದದ್ದು ಇದಕ್ಕೇ. ಸಂಕಟ ಹಾಗೇ ಇತ್ತಲ್ಲ.

‘ಸೀಟು ತಪ್ಪಿ ಸಿಕ್ಕಿತು’ ಎಂಬ ಭಾವನೆಗೂ ಒಂದು ಹೆಸರಿದೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ಓದಿನಲ್ಲಿ, ವೃತ್ತಿಯಲ್ಲಿ ಮುಂದೆ ಬಂದ 150ಕ್ಕೂ ಹೆಚ್ಚು ಮಹಿಳೆಯರ ಮಾತು ಕೇಳಿ ಒಂದು ಲೇಖನ ಬರೆದರು. ಪದವಿ, ಮೆಚ್ಚುಗೆ ಎಲ್ಲ ಕೈಯಲ್ಲಿದ್ದರೂ ‘ನಾನು ಇದಕ್ಕೆ ಯೋಗ್ಯಳಲ್ಲ, ಒಂದು ದಿನ ಎಲ್ಲರಿಗೂ ಗೊತ್ತಾಗಿಬಿಡುತ್ತದೆ’ ಎಂದು ಆ ಮಹಿಳೆಯರು ಒಳಗೊಳಗೇ ಹೆದರುತ್ತಿದ್ದರು. ಇಂಪೋಸ್ಟರ್ ಎಂಬ ಪದ ಈ ಅರ್ಥದಲ್ಲಿ ಈಗ ಎಲ್ಲರ ಬಾಯಲ್ಲಿದೆ, ಆ ಬಳಕೆ ಬಂದದ್ದು ಅಲ್ಲಿಂದ. ನಿಮ್ಮ ಊರಿನಲ್ಲಿ, ನಿಮ್ಮ ಮನೆತನದಲ್ಲಿ ಇಷ್ಟು ಓದಿದ ಮೊದಲ ಹೆಣ್ಣುಮಗಳು ನೀವೇ ಆಗಿದ್ದರೆ ಈ ಹೆದರಿಕೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ‘ಹೀಗೂ ಒಬ್ಬರು ಮುಗಿಸಿದ್ದಾರೆ’ ಎಂದು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಂದು ಮುಖ ಇರುವುದಿಲ್ಲವಲ್ಲ.

ಮುಗಿಸಿದವರಿಗೂ ಬಿಟ್ಟವರಿಗೂ ಏನು ವ್ಯತ್ಯಾಸ? ಬಾರ್ಬರಾ ಲೊವಿಟ್ಸ್ ಎಂಬ ಸಮಾಜಶಾಸ್ತ್ರಜ್ಞೆ ಇದೇ ಪ್ರಶ್ನೆ ಹಿಡಿದು ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಕೇಳುತ್ತಾ ಹೋದರು. 2001ರಲ್ಲಿ ಬಂದ ಅವರ ಪುಸ್ತಕದಲ್ಲಿ ನನ್ನನ್ನು ತಟ್ಟಿದ ಸಂಗತಿ ಎರಡು. ಹಿಂದಿನ ಅಂಕಗಳನ್ನು ನೋಡಿದರೆ ಬಿಟ್ಟವರು ಮುಗಿಸಿದವರಿಗಿಂತ ಕಡಿಮೆಯವರಾಗಿರಲಿಲ್ಲ. ಆದರೆ ಬಿಟ್ಟವರಿಗೆ ವಿಭಾಗದಲ್ಲಿ ಜನ ಇರಲಿಲ್ಲ. ಕೇಳುವವರು, ಹೇಳುವವರು, ಜೊತೆಗೆ ಚಹಾ ಕುಡಿಯುವವರು ಇರಲಿಲ್ಲ. ಹಾಗಿದ್ದೂ ಅವರು ದೂರಿದ್ದು ತಮ್ಮನ್ನೇ. ನಿಮ್ಮ ಪತ್ರದ ಉದ್ದಕ್ಕೂ ನನಗೆ ಕಂಡದ್ದು ಇದೇ.

ನಿಮಗೆ ಪುಸ್ತಕದ ಉದಾಹರಣೆ ಯಾಕೆ, ನಿಮ್ಮ ವಿಷಯದೊಳಗೇ ಇದೆ. ತುಂಗಭದ್ರಾ ಎಡದಂಡೆ ನಾಲೆ ಸುಮಾರು 227 ಕಿ.ಮೀ. ಹರಿಯುತ್ತದೆ. ಕಡಿಮೆ ನೀರಿನ ಬೆಳೆಗೆಂದು ಮಾಡಿದ ಯೋಜನೆ, ಮೇಲ್ಭಾಗದಲ್ಲಿ ಭತ್ತ ತುಂಬಿಕೊಂಡಿತು, ಕೊನೆಭಾಗಕ್ಕೆ ನೀರು ಮುಟ್ಟುವುದೇ ಕಷ್ಟವಾಯಿತು. ಕೊನೆಭಾಗದ ರೈತನ ಹೊಲ ಒಣಗಿದರೆ ಅವನಿಗೆ ಒಕ್ಕಲುತನ ಬರುವುದಿಲ್ಲ ಎಂದು ನೀವು ನಿಮ್ಮ ಅಧ್ಯಾಯದಲ್ಲಿ ಬರೆಯುತ್ತೀರಾ? ನಾಲೆಯಲ್ಲಿ ನೀರಿನ ಗೇಜ್ ಎಷ್ಟಿತ್ತು ಎಂದು ಮೊದಲು ಕೇಳುತ್ತೀರಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿದ್ದುಕೊಂಡು ಪಿಎಚ್‌.ಡಿ. ಮಾಡುವವರು ಸಂಶೋಧನೆಯ ಕೊನೆಭಾಗದವರು. ವಿಶ್ವವಿದ್ಯಾಲಯ ಹಂಪಿಯದಿರಲಿ, ಬಳ್ಳಾರಿಯದಿರಲಿ, ಕಲಬುರಗಿಯದಿರಲಿ, ಗೈಡ್ ಜೊತೆ ಅರ್ಧ ಗಂಟೆ ಕೂರಲು ಒಂದು ದಿನ, ಒಂದು ರಜೆ, ಬಸ್ಸಿನ ಖರ್ಚು, ಮಗನನ್ನು ನೋಡಿಕೊಳ್ಳಲು ಒಬ್ಬರು ಬೇಕು. ರಾಯಚೂರಿಗೇ ಒಂದು ವಿಶ್ವವಿದ್ಯಾಲಯ ಬಂದದ್ದು ತೀರಾ ಈಚೆಗೆ. ಹಾಸ್ಟೆಲಿನಲ್ಲಿದ್ದು, ಮಧ್ಯಾಹ್ನ ವಿಭಾಗದ ಕಾರಿಡಾರಿನಲ್ಲಿ ಗೈಡನ್ನು ನಿಲ್ಲಿಸಿ ಮಾತಾಡಿಸುವ ಹುಡುಗನ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಅವನ ಹೊಲ ತೂಬಿನ ಪಕ್ಕದಲ್ಲೇ ಇದೆ.

ನೀರು ಬಾರದಿದ್ದಾಗ ಕೊನೆಭಾಗದವರು ಏನು ಮಾಡುತ್ತಾರೆ ಎಂದು ನಿಮಗೇ ಗೊತ್ತು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಕೊರಗುವುದಿಲ್ಲ, ನಾಲ್ಕು ಮಂದಿ ಸೇರಿ ಕಾಲುವೆ ಮೇಲೆ ಹೋಗುತ್ತಾರೆ.

ಹಾಗಾಗಿ ನಿಮಗೆ ಮೊದಲು ಬೇಕಾದದ್ದು ಇಬ್ಬರು ಮೂವರು ಜನ, ಹೊಸ ಟೈಂಟೇಬಲ್ ಅಲ್ಲ. ನಿಮ್ಮ ಹಾಗೆ ಅಧ್ಯಾಯ ಅರ್ಧಕ್ಕೆ ಬಿಟ್ಟು, ಯಾರಿಗೂ ಹೇಳದೆ ಪಾಠ ಮಾಡುತ್ತಿರುವ ಉಪನ್ಯಾಸಕರು ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಖಂಡಿತ ಇದ್ದಾರೆ, ಸ್ಟಾಫ್ ರೂಮಿನಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲೇ ಇರಬಹುದು. ನೀವು ಮುಚ್ಚಿಟ್ಟ ಹಾಗೇ ಅವರೂ ಮುಚ್ಚಿಟ್ಟಿದ್ದಾರೆ. ಒಬ್ಬರನ್ನು ಕೇಳಿ: ‘ನಿಮ್ಮದು ಎಲ್ಲಿಗೆ ಬಂತು? ನನ್ನದು ನಿಂತುಹೋಗಿದೆ.’ ಈ ಎರಡನೆಯ ವಾಕ್ಯ ನಿಮ್ಮ ಬಾಯಿಂದ ಮೊದಲು ಬಂದರೆ ಅವರೂ ಬಾಯಿ ಬಿಡುತ್ತಾರೆ. ವಿಷಯ ಬೇರೆಯಾದರೂ ಚಿಂತೆಯಿಲ್ಲ, ಒಬ್ಬರದು ಮಣ್ಣು, ಒಬ್ಬರದು ವಚನ, ಒಬ್ಬರದು ವಾಣಿಜ್ಯ ಇರಲಿ. ತಿಂಗಳಲ್ಲಿ ಎರಡು ಭಾನುವಾರ ಒಂದು ಕಡೆ ಸೇರಿ. ಮಸ್ಕಿ ಇಬ್ಬದಿಯವರಿಗೂ ನಡುವೆ ಬೀಳುತ್ತದೆ. ಎರಡು ತಾಸು ಮಾತಿಲ್ಲದೆ ಅವರವರ ಕೆಲಸ ಅವರವರು ಮಾಡಿ, ಆಮೇಲೆ ಬುತ್ತಿ ಬಿಚ್ಚಿ. ಉಳಿದ ದಿನಗಳಲ್ಲಿ ವಾಟ್ಸಾಪಿನಲ್ಲಿ ಒಂದೇ ಸಾಲು ಸಾಕು: ‘ಇವತ್ತು ಇಪ್ಪತ್ತು ನಿಮಿಷ ಕೂತೆ’ ಅಥವಾ ‘ಇವತ್ತು ಆಗಲಿಲ್ಲ.’ ಆಗಲಿಲ್ಲ ಎಂದು ಬರೆಯುವುದೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಬಚ್ಚಿಡುವ ಅಭ್ಯಾಸ ಅಲ್ಲಿಗೆ ಮುರಿಯುತ್ತದೆ.

ಇನ್ನು ಮುಚ್ಚಿದ ಫೈಲು. ಅದನ್ನು ಈ ವಾರ ತೆರೆಯಬೇಡಿ ಎಂದೇ ನಾನು ಹೇಳುತ್ತೇನೆ. ಮೊಬೈಲಿನಲ್ಲಿರುವ ಮಾತುಗಳಲ್ಲಿ ಒಂದನ್ನು ಕೇಳಿ. ನಿಮಗೆ ಇಷ್ಟವಾದ ಒಬ್ಬ ಅವ್ವನದೋ ಅಕ್ಕನದೋ ದನಿ. ಬರೆದುಕೊಳ್ಳುವುದು ಬೇಡ, ಗುರುತು ಹಾಕುವುದು ಬೇಡ. ಬಸ್ಸು ಸಿಂಧನೂರು ಬಿಟ್ಟಾಗ ಕಿವಿಗೆ ಹಾಕಿಕೊಳ್ಳಿ, ಮಸ್ಕಿ ಬರುವವರೆಗೆ ಕೇಳಿ. ಮಂಡಿಯುದ್ದ ನೀರಿನಲ್ಲಿ ಬಗ್ಗಿ ನಿಂತ ಅವರ ನಡುನೋವಿನ ಮಾತು, ಗುಂಪಿನ ಮೇಸ್ತ್ರಿಯ ಮಾತು, ಕೂಲಿಯ ಮಾತು. ನಿಮಗೆ ಈ ವಿಷಯ ಯಾಕೆ ಬೇಕಾಯಿತು ಎಂದು ಆ ದನಿಗಳಿಗೆ ಗೊತ್ತಿದೆ. ಕಷ್ಟದ ಓದನ್ನು ಕೊನೆಯವರೆಗೆ ಎಳೆದುಕೊಂಡು ಹೋಗುವ ಬಲದ ಬಗ್ಗೆ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ಬಹಳ ವರ್ಷ ಕೆಲಸ ಮಾಡಿದರು. ಇದು ನನ್ನ ಸ್ವಂತ ಇಷ್ಟದ ಕೆಲಸ, ಇದು ನನ್ನಿಂದ ಆಗುತ್ತದೆ, ನನ್ನ ಜೊತೆ ಜನ ಇದ್ದಾರೆ ಎಂಬ ಮೂರು ಅನಿಸಿಕೆ ಇದ್ದಲ್ಲಿ ಮನುಷ್ಯ ಒತ್ತಾಯವಿಲ್ಲದೆ ದುಡಿಯುತ್ತಾನೆ ಎನ್ನುತ್ತಾರೆ ಅವರು. ಗೌರವಧನದ ಭಯ, ಮದುವೆಮನೆಯ ಪ್ರಶ್ನೆ ಇವೆಲ್ಲ ಸೇರಿ ನಿಮ್ಮ ಮೊದಲನೆಯ ಅನಿಸಿಕೆಯನ್ನು ಮುಚ್ಚಿಹಾಕಿವೆ. ಅದನ್ನು ವಾಪಸ್ ತರುವ ಶಕ್ತಿ ಆ ರೆಕಾರ್ಡಿಂಗಿಗೆ ಇದೆ ಎಂದು ನನ್ನ ನಂಬಿಕೆ.

ನೀವು ಅವರಿಗೆ ಮೋಸ ಮಾಡಿಲ್ಲ. ತಡ ಮಾಡಿದ್ದೀರಿ. ಮುಂದಿನ ನಾಟಿಯ ಹೊತ್ತಿಗೆ ಅವರಲ್ಲಿ ಒಬ್ಬರ ಮನೆಗೆ ಹೋಗಿ ಬನ್ನಿ. ‘ಇನ್ನಾ ಬರಿಯಾಕತ್ತೀನವ್ವಾ’ ಎಂದು ಹೇಳಿ. ಅವರು ಬೈಯುತ್ತಾರೆ ಎಂದು ನನಗನ್ನಿಸುವುದಿಲ್ಲ, ರೊಟ್ಟಿ ಕೊಟ್ಟು ಕಳಿಸುತ್ತಾರೆ.

ಎರಡನೆಯ ವಾರ ಫೈಲು ತೆರೆಯಿರಿ, ಇಪ್ಪತ್ತು ನಿಮಿಷ ಮಾತ್ರ. ರಾಬರ್ಟ್ ಬಾಯ್ಸ್ ಎಂಬ ಮನೋವಿಜ್ಞಾನಿ ಬರೆಯಲಾಗದೆ ಒದ್ದಾಡುವ ಅಧ್ಯಾಪಕರ ಜೊತೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ದೀಪಾವಳಿ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಒಂದೇ ಸಲ ಕೂತು ಮುಗಿಸುತ್ತೇನೆ ಎಂದು ಕಾಯುವವರಿಗಿಂತ, ದಿನಾ ಸ್ವಲ್ಪ ಬರೆದು ಅದನ್ನು ಇನ್ನೊಬ್ಬರಿಗೆ ತಿಳಿಸುತ್ತಾ ಹೋದವರು ಬಹಳ ಹೆಚ್ಚು ಬರೆದರು ಎಂಬುದು ಅವರ ಅನುಭವ. ರಜೆ ಬರುತ್ತದೆ, ಜೊತೆಗೆ ಹಬ್ಬ, ನೆಂಟರು, ಮಗನ ಜ್ವರ ಎಲ್ಲವೂ ಬರುತ್ತದೆ. ರಜೆ ಮುಗಿದಾಗ ನಾಚಿಕೆ ಇನ್ನೊಂದಿಷ್ಟು ಬೆಳೆದಿರುತ್ತದೆ. ಇಪ್ಪತ್ತು ನಿಮಿಷಕ್ಕೆ ಹೊತ್ತು ಗೊತ್ತುಮಾಡುವಾಗ ‘ರಾತ್ರಿ ಬರೆಯುತ್ತೇನೆ’ ಎಂದುಕೊಳ್ಳುವುದಕ್ಕಿಂತ ‘ಮಗ ಮಲಗಿ, ಅಡುಗೆಮನೆ ದೀಪ ಆರಿಸಿದ ಕೂಡಲೇ ಅದೇ ಕುರ್ಚಿಯಲ್ಲಿ ಕೂರುತ್ತೇನೆ’ ಎಂದು ಗಂಟು ಹಾಕಿ. ಪೀಟರ್ ಗೋಲ್ವಿಟ್ಸರ್ ಎಂಬ ಮನೋವಿಜ್ಞಾನಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ‘ಇದಾದ ಕೂಡಲೇ ಅದು’ ಎಂದು ಮೊದಲೇ ತೀರ್ಮಾನಿಸಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಸಲ ಮಾತಿನಂತೆ ನಡೆಯುತ್ತಾರೆ. ದೀಪ ಆರಿದ್ದೇ ನಿಮಗೆ ಕರೆ.

ಒಳ್ಳೆಯ ವಾಕ್ಯವೇ ಬರಬೇಕು ಎಂದು ಹಟ ಹಿಡಿಯಬೇಡಿ. ನಿಮ್ಮ ಪತ್ರದಲ್ಲಿ ‘ಪರ್ಫೆಕ್ಟ್ ಆಗಿ’ ಎಂಬ ಪದ ಮೂರು ಸಲ ಇತ್ತು, ಅಚ್ಚಿಗೆ ಕೊಡುವಾಗ ಪತ್ರವನ್ನು ಚಿಕ್ಕದು ಮಾಡಿದ್ದರಿಂದ ಇಲ್ಲಿ ಕಾಣುತ್ತಿಲ್ಲ. ನಿಮ್ಮದೇ ತಾಲ್ಲೂಕುಗಳ ಕಡೆಯ ಒಂದು ಪಿಎಚ್‌.ಡಿ. ಕಥೆ ಹೇಳುತ್ತೇನೆ. 1950ರ ದಶಕದ ಶುರುವಿನಲ್ಲಿ ರೇಮಂಡ್ ಆಲ್ಚಿನ್ ಎಂಬ ಯುವಕ ಲಂಡನ್ನಿನಿಂದ ಬಂದರು. ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳೇ ಅವರ ಪಿಎಚ್‌.ಡಿ. ವಿಷಯ. ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ಮಾಡಿದರು. 1954ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪದವಿ ಬಂತು. ಪಿಕ್ಲಿಹಾಳದ ವರದಿ ಪುಸ್ತಕವಾಗಿ ಬಂದದ್ದು 1960ರಲ್ಲಿ. ಬೂದಿದಿಬ್ಬಗಳು ಹೇಗಾದವು, ನವಶಿಲಾಯುಗದ ದನಗಾಹಿಗಳು ಹೇಗೆ ಬದುಕಿದರು ಎಂದು ಅವರು ವಿವರವಾಗಿ ಬರೆದ ಪುಸ್ತಕ ಬಂದದ್ದು 1963ರಲ್ಲಿ. ಅದರ ಮೇಲೆ ಚರ್ಚೆ ಆಮೇಲೂ ನಡೆಯಿತು. ಪ್ರಬಂಧ ಒಪ್ಪಿಸಿದ ದಿನ ಆಲ್ಚಿನ್ ಅವರಿಗೆ ಹೇಳಲಿಕ್ಕೆ ಇನ್ನೂ ಬೇಕಾದಷ್ಟು ಉಳಿದಿತ್ತು. ಒಪ್ಪಿಸಿದರು, ಮುಂದಿನದನ್ನು ಮುಂದೆ ಬರೆದರು.

ದಿನವೂ ನಿಮ್ಮ ಬಸ್ಸು ದಾಟುವ ಮಸ್ಕಿಯ ಗುಡ್ಡವನ್ನೂ ನೆನಪಿಸಿಕೊಳ್ಳಿ. ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ರಾಜನ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು 1837ರಲ್ಲೇ ಓದಿದ್ದರು. ಆ ರಾಜ ಅಶೋಕನೇ ಎಂದು ಕಲ್ಲಿನ ಮೇಲೆ ಹೆಸರು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆ ಬಿದ್ದಾಗ. ಅಶೋಕನ ಇಡೀ ಚರಿತ್ರೆಯನ್ನು ಆ ಬಂಡೆ ಹೇಳುವುದಿಲ್ಲ. ಅವನ ಹೆಸರು ಹೇಳುತ್ತದೆ, ಅದಕ್ಕೇ ಇವತ್ತಿಗೂ ಜನ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಪ್ರಬಂಧ ನೀರಾವರಿಯ ಸಮಗ್ರ ಇತಿಹಾಸವಾಗಬೇಕಿಲ್ಲ. ನಲವತ್ತು ಹೆಂಗಸರು ಏನು ಹೇಳಿದರು, ಅದರಿಂದ ನಿಮಗೇನು ತಿಳಿಯಿತು ಎಂದು ಪ್ರಾಮಾಣಿಕವಾಗಿ ಹೇಳಿದರೆ ಆಯಿತು.

ದುಡ್ಡು ಕೊಟ್ಟು ಬರೆಸುವ ಮಾತು. ನಿಮ್ಮ ಗೆಳತಿ ನಿಮ್ಮ ಸಂಕಟ ನೋಡಲಾಗದೆ ಹೇಳಿರಬೇಕು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೇಡ. ಅದು ಮೋಸ, ಸಿಕ್ಕಿಬಿದ್ದರೆ ಪದವಿಯೇ ಹೋಗಬಹುದು. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ ಹತ್ತಕ್ಕಿಂತ ಹೆಚ್ಚು ನಕಲು ಕಂಡರೆ ಶಿಕ್ಷೆ ಶುರುವಾಗುತ್ತದೆ, ಅರವತ್ತು ದಾಟಿದರೆ ನೋಂದಣಿಯೇ ರದ್ದು. ಇದಕ್ಕಿಂತ ನನಗೆ ಚಿಂತೆ ನಿಮ್ಮದು. ಈಗ ‘ನಾನು ಯೋಗ್ಯಳಲ್ಲ’ ಎಂಬುದು ನಿಮ್ಮ ಭಯ ಮಾತ್ರ. ಬೇರೆಯವರು ಬರೆದದ್ದಕ್ಕೆ ನಿಮ್ಮ ಹೆಸರು ಹಾಕಿದ ದಿನ ಆ ಭಯಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ, ಹೆಸರಿನ ಹಿಂದೆ ಡಾಕ್ಟರ್ ಬಂದಷ್ಟೂ ಅದು ಚುಚ್ಚುತ್ತದೆ.

ಸಮಯ ಮೀರಿತು ಎಂಬ ಭಯಕ್ಕೆ ಕಾಗದ ನೋಡಿ ಉತ್ತರ ಹುಡುಕೋಣ. ನಿಮ್ಮ ನೋಂದಣಿ 2022ರ ನವೆಂಬರಿಗಿಂತ ಮೊದಲಿನದಾದರೆ ಯುಜಿಸಿಯ 2016ರ ನಿಯಮ ಅನ್ವಯಿಸುತ್ತದೆ. ಅದರಲ್ಲಿ ಗರಿಷ್ಠ ಆರು ವರ್ಷ, ಮಹಿಳೆಯರಿಗೆ ಇನ್ನೂ ಎರಡು ವರ್ಷದ ಸಡಿಲಿಕೆ. 2022ರ ನಿಯಮದಲ್ಲಿ ಆರು ವರ್ಷದ ಮೇಲೆ ಮರುನೋಂದಣಿಯಿಂದ ಎರಡು ವರ್ಷ ಸಿಗಬಹುದು, ಮಹಿಳೆಯರಿಗೆ ಮತ್ತೆರಡು ಸೇರಿ ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಎರಡರಲ್ಲೂ ಹೆರಿಗೆ ಮತ್ತು ಮಗುವಿನ ಆರೈಕೆಗೆಂದು ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ರಜೆ ಇದೆ. ಮಗ ಹುಟ್ಟಿದಾಗ ನೀವು ಅದನ್ನು ಕೇಳಿದ್ದಿರಾ? ಪತ್ರ ನೋಡಿದರೆ ಕೇಳಿಲ್ಲ ಅನ್ನಿಸುತ್ತದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮಗಳನ್ನೂ ಮಾಡಿಕೊಂಡಿರುತ್ತವೆ, ಅರ್ಜಿ ಕೊಡದೆ ಯಾವುದೂ ತಾನಾಗಿ ಸಿಗುವುದಿಲ್ಲ. ನೋಂದಣಿ ಪತ್ರ ಹಿಡಿದುಕೊಂಡು ಪಿಎಚ್‌.ಡಿ. ವಿಭಾಗದ ಗುಮಾಸ್ತರನ್ನು ಒಮ್ಮೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎಷ್ಟೋ ಮಂದಿ ಇರುವ ಅವಧಿಯನ್ನೇ ತಿಳಿಯದೆ ‘ಮುಗಿಯಿತು’ ಎಂದು ಕೈಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಇದನ್ನು ಓದುತ್ತಿರುವ ಗೈಡ್‌ಗಳಿಗೂ ಒಂದು ಮಾತು. ವಿದ್ಯಾರ್ಥಿ ಫೋನ್ ಎತ್ತದಿದ್ದರೆ ಅದನ್ನು ಅಹಂಕಾರ ಎಂದು ತಿಳಿಯುವ ಮೊದಲು ಭಯ ಇರಬಹುದೇ ಎಂದು ಯೋಚಿಸಿ. ‘ಎಲ್ಲಿಗೆ ಬಂತು?’ ಎಂಬ ಸಂದೇಶಕ್ಕಿಂತ ‘ಆರಾಮಿದ್ದೀರಾ? ಇರುವಷ್ಟು ತನ್ನಿ’ ಎಂಬ ಸಂದೇಶಕ್ಕೆ ಉತ್ತರ ಬೇಗ ಬರುತ್ತದೆ. ಮನೆಯವರಿಗೂ ಅಷ್ಟೇ. ‘ಯಾವಾಗ ಮುಗೀತದ’ ಎಂದು ಕೇಳುವ ಅತ್ತೆ, ಅಣ್ಣ, ನೆರೆಯವರು ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಆ ಪ್ರಶ್ನೆಯ ಬದಲು ವಾರಕ್ಕೆ ಎರಡು ಸಂಜೆ ಮಗುವನ್ನು ಕರೆದುಕೊಂಡು ಹೋಗಿ ಆಡಿಸಿ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ ಮೂರೂವರೆ ಸಾವಿರಕ್ಕೂ ಹೆಚ್ಚು ಪಿಎಚ್‌.ಡಿ. ವಿದ್ಯಾರ್ಥಿಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯಂಥ ಮಾನಸಿಕ ತೊಂದರೆಯ ಅಪಾಯವಿತ್ತು, ಮನೆ ಮತ್ತು ಕೆಲಸದ ಎಳೆದಾಟ ಅದಕ್ಕೆ ದೊಡ್ಡ ಕಾರಣಗಳಲ್ಲೊಂದಾಗಿತ್ತು. ಅಷ್ಟು ಅನುಕೂಲದ ದೇಶದಲ್ಲೇ ಹೀಗಿದ್ದರೆ, ಎರಡು ಊರಿನ ನಡುವೆ ಓಡಾಡುವ ತಾಯಿಗೆ ಆ ಎಳೆದಾಟ ಎಷ್ಟಿರಬೇಡ? ಪತ್ರ ಬರೆದ ನಿಮಗೆ ಇಲ್ಲೇ ಒಂದು ಮಾತು: ಪತಿಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಈ ಅಂಕಣವನ್ನು ಅವರ ಮುಂದೆ ಇಡಬಹುದಾದರೆ ಇಡಿ.

ಗೈಡ್ ನಿಜಕ್ಕೂ ಕಾಡುವವರಾಗಿದ್ದರೆ, ಹಣ ಕೇಳಿದರೆ, ಅವಮಾನ ಮಾಡಿದರೆ ಮಾತು ಬೇರೆ. ಆಗ ಸಂಶೋಧನಾ ಸಲಹಾ ಸಮಿತಿ, ವಿಭಾಗದ ಮುಖ್ಯಸ್ಥರು, ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇವೆ. ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ ಇದೆ. ಗೈಡ್ ಬದಲಾವಣೆಗೂ ದಾರಿ ಇರುತ್ತದೆ. ನೀವು ಹಾಗೇನೂ ಬರೆದಿಲ್ಲ, ಓದುವ ಇನ್ನೊಬ್ಬರಿಗೆ ಬೇಕಾಗಬಹುದೆಂದು ಹೇಳಿದೆ.

ನಿದ್ದೆ ಕೆಟ್ಟಿರುವುದು, ಊಟ ರುಚಿಸದಿರುವುದು, ಮಗನ ನಗುವಿನಲ್ಲೂ ಸಂತೋಷ ಕಾಣದಿರುವುದು ಎರಡು ವಾರಕ್ಕಿಂತ ಹೆಚ್ಚು ನಡೆದಿದ್ದರೆ ವೈದ್ಯರನ್ನು ಕಾಣಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ಗೊತ್ತಾದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ಕೇಳಿ. ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗಬೇಕು ಎಂಬ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್ ವೈದ್ಯರಿಂದ. ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮೇಲ್ಪಂಕ್ತಿಯಾಯಿತು. ನಿಮ್ಮಂಥ ಊರುಗಳ ಜನರಿಗೆಂದೇ ಹುಟ್ಟಿದ ಸೌಕರ್ಯ ಅದು, ಬಳಸಿಕೊಳ್ಳಲು ಸಂಕೋಚ ಬೇಡ.

ಪಿಎಚ್‌.ಡಿ. ಬಿಡಬಾರದು ಎಂದು ನಾನು ಹೇಳುವುದಿಲ್ಲ. ಬಿಟ್ಟು ನೆಮ್ಮದಿಯಾಗಿ ಬದುಕುತ್ತಿರುವವರು ಎಷ್ಟೋ ಜನ ಇದ್ದಾರೆ. ಆದರೆ ನಾಚಿಕೆಯ ನಡುವೆ ಆ ತೀರ್ಮಾನ ಬೇಡ. ಮೂರು ತಿಂಗಳು ಮೇಲೆ ಹೇಳಿದಂತೆ ಮಾಡಿ ನೋಡಿ. ಆಮೇಲೂ ಈ ಕೆಲಸ ಬೇಡವೆನಿಸಿದರೆ ತಲೆಯೆತ್ತಿ ಬಿಡಿ, ಆಗ ನಾನೂ ನಿಮ್ಮ ಪರವಾಗಿರುತ್ತೇನೆ.

ಕೊನೆಗೆ, ನಿಮ್ಮ ಗೈಡ್ ಸರ್ ಕರೆ. ನನ್ನದೇ ಸಂಶೋಧನೆಯ ದಿನಗಳಲ್ಲಿ ನಾನು ಏಳು ತಿಂಗಳು ಗೈಡ್ ಎದುರಾಗುವ ದಾರಿ ತಪ್ಪಿಸಿ ಓಡಾಡಿದ್ದೇನೆ. ಒಂದು ದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದರು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ‘ಸಣ್ಣಗಾಗಿದ್ದೀಯಲ್ಲಮ್ಮ’ ಎಂದರು. ಏಳು ತಿಂಗಳು ನಾನು ಮನಸ್ಸಿನೊಳಗೆ ಕೇಳಿಸಿಕೊಂಡಿದ್ದ ಬೈಗುಳದಲ್ಲಿ ಒಂದನ್ನೂ ಅವರು ಆಡಲಿಲ್ಲ. ನಿಮಗೂ ಹಾಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ, ನಿಮ್ಮ ಸರ್ ಸ್ವಲ್ಪ ಗದರಬಹುದು. ಗದರಿಕೆ ಐದು ನಿಮಿಷದ್ದು. ನೀವು ಎಂಟು ತಿಂಗಳಿಂದ ಅದನ್ನು ದಿನವೂ ಅನುಭವಿಸುತ್ತಿದ್ದೀರಿ. ಫೋನ್ ಮಾಡಲು ಧೈರ್ಯ ಸಾಲದಿದ್ದರೆ ಸಂದೇಶ ಸಾಕು. ನಾನೇ ಬರೆದಿಟ್ಟಿದ್ದೇನೆ, ಬೇಕಾದ್ದು ಬದಲಿಸಿಕೊಂಡು ಈ ಭಾನುವಾರ ಸಂಜೆಯೊಳಗೆ ಕಳಿಸಿ:

‘ನಮಸ್ಕಾರ ಸರ್. ಎಂಟು ತಿಂಗಳಿಂದ ನನ್ನ ಕೆಲಸ ನಿಂತಿದೆ. ನಾಚಿಕೆಯಾಗಿ ನಿಮ್ಮ ಕರೆಗಳಿಗೂ ಉತ್ತರಿಸಲಿಲ್ಲ, ಕ್ಷಮಿಸಿ. ಮುಗಿಸುವ ಮನಸ್ಸಿದೆ. ಮೂರು ಅಧ್ಯಾಯ ನಿಮ್ಮ ಹತ್ತಿರ ಇವೆ. ನಾಲ್ಕನೆಯದರ ಎರಡು ಪುಟ, ತಿದ್ದದೆ ಇರುವ ಹಾಗೇ, ಈ ತಿಂಗಳ ಕೊನೆಗೆ ಕಳಿಸುತ್ತೇನೆ. ಯಾವ ದಿನ ಹತ್ತು ನಿಮಿಷ ಮಾತಾಡಬಹುದು ಎಂದು ತಿಳಿಸಿದರೆ ನಾನೇ ಫೋನ್ ಮಾಡುತ್ತೇನೆ.’